ಪಕ್ಕದಲ್ಲಿ ಯಾರ ಹೆಸರೂ ಇರಕೂಡದು

ಆಸ್ಪತ್ರೆಯ ಕಾಂಪೌಂಡರ್ ಸಂಜೀವಯ್ಯ ರಸೀದಿ ಪುಸ್ತಕ ಹಿಡಿದು ಎಣ್ಣೆ ಮಿಲ್ಲಿನ ಮೆಟ್ಟಿಲು ಹತ್ತುವುದನ್ನು ಕಂಡ ಕೂಡಲೇ ಸಾಹುಕಾರ್ ತಿಮ್ಮರಾಯಪ್ಪ ಕೂತಲ್ಲಿಂದ ಎದ್ದು ಬಾಗಿಲ ಹಿಂದೆ ಸರಿಯಲು ನೋಡಿದ. ಕೊರಟಗೆರೆಯಲ್ಲಿ ಬೇರೆ ಯಾರಾದರೂ ಚಂದಾ ಕೇಳಲಿ, ಈ ಮನುಷ್ಯ ಮಾತ್ರ ತನ್ನ ಬಾಗಿಲಿಗೆ ಬರಬಾರದಿತ್ತು.

ಕಾರಣ ಊರಿಗೆಲ್ಲ ಗೊತ್ತು. ಮೂರು ವರ್ಷದ ಹಿಂದೆ, ಐವತ್ತೈದನೇ ಇಸವಿಯ ಬೇಸಿಗೆಯಲ್ಲಿ, ಸಂಜೀವಯ್ಯನ ಹೆಂಡತಿ ಸರ್ವಮಂಗಳಾಳಿಗೆ ಹೆರಿಗೆ ಕಷ್ಟವಾಯಿತು. ಈಗಿಂದೀಗಲೇ ತುಮಕೂರಿಗೆ ಒಯ್ಯಿರಿ ಎಂದರು ಡಾಕ್ಟರು. ಪೇಟೆಯಲ್ಲಿದ್ದದ್ದು ಒಂದೇ ಮೋಟಾರು, ತಿಮ್ಮರಾಯಪ್ಪನದು. ಸಂಜೀವಯ್ಯ ಓಡಿಬಂದು ಕಾಲು ಹಿಡಿದ. "ಸೀಟಿಗೆ ಮೊನ್ನೆ ತಾನೆ ಹೊಸ ಬಟ್ಟೆ ಹಾಕ್ಸಿವ್ನಿ ಕಣಯ್ಯ. ರಕ್ತಗಿಕ್ತ ಆದ್ರೆ ತೊಳೆಯೋರು ಯಾರು?" ಎಂದ ಈ ಮಹಾರಾಯ. ಎತ್ತಿನ ಗಾಡಿಯಲ್ಲಿ ಹೊರಟ ಸರ್ವಮಂಗಳಾ ಅರ್ಧ ದಾರಿಯಲ್ಲೇ ಪ್ರಾಣ ಬಿಟ್ಟಳು. ಮಗುವೂ ಉಳಿಯಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನ ಸಂಜೀವಯ್ಯ ಮಿಲ್ಲಿನ ಮುಂದೆ ಬಂದು ನಿಂತ. "ಇದನ್ನ ನಾನು ಮರೆಯಾಕಿಲ್ಲ ಸಾವ್ಕಾರ್ರೆ" ಎಂದಷ್ಟೇ ಹೇಳಿ ಹೊರಟುಹೋದ.

ಈಗ ಅದೇ ಸಂಜೀವಯ್ಯ ಕೈಮುಗಿದು ನಿಂತಿದ್ದಾನೆ!

"ಹೆರಿಗೆ ವಾರ್ಡು ಕಟ್ತಾ ಇದೀವಿ ಸ್ವಾಮಿ. ನಮ್ ಆಯಾಗಳು, ಜವಾನ್ರು ಕೂಡ ಸಂಬಳದಾಗೆ ಹಿಡ್ಕೊಳ್ಳಿ ಅಂತ ಬರ್ಕೊಟ್ಟವ್ರೆ. ಪೇಟೆನಾಗೆ ನಿಮ್ದೊಂದೇ ಬಾಕಿ. ಬಟ್ಟೆ ಅಂಗಡಿ ಶಂಕರಲಿಂಗಪ್ಪನೋರು ಸಾವಿರ ಕೊಟ್ರು."

ಶಂಕರಲಿಂಗಪ್ಪ! ಪಂಚಾಯ್ತಿ ಎಲೆಕ್ಷನ್ನಿನಲ್ಲಿ ತನಗೆ ಮಣ್ಣು ಮುಕ್ಕಿಸಿದ ಆಸಾಮಿ. ತಿಮ್ಮರಾಯಪ್ಪನ ಹೆದರಿಕೆ ಎಲ್ಲಿ ಹೋಯಿತೋ, ಹೊಟ್ಟೆ ಧಗಧಗ ಉರಿಯತೊಡಗಿತು.

"ಅವನ ಹೆಸರು ಎಲ್ಲಿ ಹಾಕ್ತೀರಯ್ಯ?"

"ವಾರ್ಡಿನ ಗೋಡೆ ಮ್ಯಾಲೆ, ಕೊಟ್ಟೋರ್ದೆಲ್ಲ ಸಾಲಾಗಿ."

"ಅವನ ಸಾಲಲ್ಲಿ ನಾನಾ? ಥೂ! ಎರಡು ಸಾವಿರ ಬರ್ಕೊ. ನಂಗೆ ಬ್ಯಾರೆ ಕಟ್ಟಡ ಬೇಕು. ನನ್ ಹೆಸರು ಒಂದೇ ಇರಬೇಕು. ಪಕ್ಕದಾಗೆ ಯಾರ್ದೂ ಇರಕೂಡದು."

ಸಂಜೀವಯ್ಯ ರಸೀದಿ ಪುಸ್ತಕದ ಹೊಸ ಹಾಳೆ ತೆಗೆದ. "ಆಸ್ಪತ್ರೆ ಮಗ್ಗುಲಿಗೆ ಒಂದು ಒಂಟಿ ಕೊಠಡಿ ಕಟ್ಟೋದೈತೆ ಸ್ವಾಮಿ. ಅದಕ್ಕೆ ಕೊಡ್ತೀನಿ ಅಂತ ಯಾರೂ ಮುಂದೆ ಬಂದಿಲ್ಲ."

"ಹೆಂಗ್ ಬಂದಾರು? ಅಷ್ಟು ಗುಂಡಿಗೆ ಬೇಕಲ್ಲ!" ಎಂದು ತಿಮ್ಮರಾಯಪ್ಪ ಎದೆ ತಟ್ಟಿಕೊಂಡ.

ಆದರೂ ಅನುಮಾನ ಬಿಡಲಿಲ್ಲ. ಈ ನನ್ನಮಗ ಏನೋ ಹೂಟ ಹೂಡಿರಬೇಕು. ದುಡ್ಡು ನುಂಗಿ ನೀರು ಕುಡಿಯಬಹುದು. ಹೆಸರು ಹಾಕಿದಂತೆ ಮಾಡಿ ನಾಳೆ ಕಿತ್ತುಹಾಕಬಹುದು. ಸಾಹುಕಾರನೇನು ಹಸುಗೂಸೇ? ವಕೀಲ ನಾಗಲಿಂಗಯ್ಯನನ್ನು ಕರೆಸಿ ಛಾಪಾ ಕಾಗದದ ಮೇಲೆ ಕರಾರು ಬರೆಸಿದ. ಹೆಸರು ಕಲ್ಲಿನಲ್ಲೇ ಕೆತ್ತಬೇಕು, ಅಕ್ಷರ ಗೇಣುದ್ದ ಇರಬೇಕು, ರಸ್ತೆಯಲ್ಲಿ ಹೋಗುವವರಿಗೆ ಕಾಣಬೇಕು, ಅದನ್ನು ಯಾವ ಕಾಲಕ್ಕೂ ತೆಗೆಯಕೂಡದು.

"ಯಾರು ಕೇಳ್ಕೊಂಡ್ರೂ ತೆಗೆಯಕೂಡದು ಅಂತ್ಲೂ ಸೇರ್ಸಿ ವಕೀಲ್ರೆ" ಎಂದು ಸಂಜೀವಯ್ಯನೇ ನೆನಪು ಮಾಡಿದ. ಅವನ ಕೈಲೇ ಅವನ ಕೈ ಕಟ್ಟಿಸಿದೆನೆಂದು ತಿಮ್ಮರಾಯಪ್ಪ ಒಳಗೊಳಗೇ ನಕ್ಕ.

ಕೆಲಸ ಮುಗಿಯುತ್ತ ಬಂದಾಗ ಹೋಗಿ ನೋಡಿಯೂ ಬಂದ. ದೊಡ್ಡ ದೊಡ್ಡ ಕಿಟಕಿ, ಸಿಮೆಂಟಿನ ನೆಲ, ನಡುವೆ ಸೊಂಟದೆತ್ತರದ ಕಲ್ಲಿನ ಕಟ್ಟೆ, ಪಕ್ಕದಲ್ಲೇ ನಲ್ಲಿ. ಅರೆ, ಆಪರೇಷನ್ ಕೋಣೆ! ಶಂಕರಲಿಂಗಪ್ಪನಿಗೆ ಬಾಣಂತಿಯರ ಮಂಚದ ಮೇಲಿನ ಗೋಡೆ, ತನಗೆ ಆಪರೇಷನ್ ಕೋಣೆ! ಕುಣಿಯುವುದೊಂದು ಬಾಕಿ.

"ಡಾಕ್ಟ್ರು ಇಲ್ಲೇ ಕೆಲ್ಸ ಮಾಡಾದಾ?"

"ಇಲ್ಲೇ ಸ್ವಾಮಿ. ಬಡವ ಬಲ್ಲಿದ ಅಂತಿಲ್ಲ, ಯಾರ್ ಬಂದ್ರೂ ಒಂದೇ ಥರ ನೋಡ್ತಾರೆ."

ಸಂಜೀವಯ್ಯನ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಪಾಪದ ಪ್ರಾಣಿ, ಹೆಂಡತಿ ಸತ್ತ ಸಂಕಟ ಎಷ್ಟು ದಿನ ಇದ್ದೀತು ಎಂದುಕೊಂಡು ತಿಮ್ಮರಾಯಪ್ಪ ಹಗುರಾಗಿ ಮನೆಗೆ ಹೋದ. ಪ್ರಾರಂಭೋತ್ಸವಕ್ಕೆಂದು ಜರಿ ಪೇಟ ತರಿಸಿದ, ಸಿರಾದಿಂದ ವಾಲಗದವರನ್ನೂ ಕರೆಸಿದ.

ಅಮಲ್ದಾರರು ಮೊದಲು ಹೆರಿಗೆ ವಾರ್ಡಿನ ಬಾಗಿಲು ತೆರೆದರು. ಆಮೇಲೆ ಒಂಟಿ ಕೊಠಡಿಯ ಮುಂದೆ ಬಂದು ಕಲ್ಲಿನ ಮೇಲಿನ ಬಟ್ಟೆ ಎಳೆದರು. 'ಸಾಹುಕಾರ್ ತಿಮ್ಮರಾಯಪ್ಪನವರು.' ಗೇಣುದ್ದದ ಅಕ್ಷರ. ಪಕ್ಕದಲ್ಲಿ ಯಾರ ಹೆಸರೂ ಇಲ್ಲ. ತಿಮ್ಮರಾಯಪ್ಪನ ಕಣ್ಣು ತುಂಬಿ ಬಂತು.

ಚಪ್ಪಾಳೆ ಮಾತ್ರ ಏಕೋ ಅಲ್ಲೊಂದು ಇಲ್ಲೊಂದು ಬಿತ್ತು. ಆಯಾಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಂಕರಲಿಂಗಪ್ಪ ಅತ್ತ ತಿರುಗಿ ಕೆಮ್ಮತೊಡಗಿದ. ಇವರಿಗೇನು ಬಂತು ದೊಡ್ಡರೋಗ ಎಂದು ತಿಮ್ಮರಾಯಪ್ಪ ಕಣ್ಣು ಕೆಕ್ಕರಿಸುವಷ್ಟರಲ್ಲಿ ಚನ್ನರಾಯನದುರ್ಗದ ಕಡೆಯಿಂದ ಒಂದು ಎತ್ತಿನ ಗಾಡಿ ಆಸ್ಪತ್ರೆಯ ಅಂಗಳಕ್ಕೆ ಬಂತು. ಗಾಡಿಯಲ್ಲಿ ಚಾಪೆ ಸುತ್ತಿದ ಏನೋ ಉದ್ದಕ್ಕೆ ಮಲಗಿತ್ತು. ಪೊಲೀಸಿನವನೊಬ್ಬ ಇಳಿದು ಸಂಜೀವಯ್ಯನಿಗೆ ಕಾಗದ ಕೊಟ್ಟ.

"ಬಾವಿಗೆ ಬಿದ್ದಿದ್ದು ಕಾಂಪೌಂಡ್ರೆ. ಡಾಕ್ಟ್ರು ಕೊಯ್ದು ನೋಡ್ಬೇಕಂತೆ. ಹೆಣ ಎಲ್ಲಿಗೆ ಇಳಿಸ್ಲಿ?"

ಸಂಜೀವಯ್ಯ ಕಲ್ಲಿನ ಕಡೆ ಕೈ ತೋರಿಸಿ, ಇಡೀ ಪೇಟೆಗೆ ಕೇಳುವಂತೆ ಹೇಳಿದ: "ಇನ್ಮ್ಯಾಲೆ ಯಾವ ಹೆಣ ಬಂದ್ರೂ ತಿಮ್ಮರಾಯಪ್ಪನೋರ ಕೊಠಡಿಗೇ ಹಾಕಿ."