ಸಿಟ್ಟಿಗೊಂದು ಹನಿ ರಕ್ತ

"ನನ್ನ ಕೆಲಸ ಬಿಡಿಸೋಕೆ ನೀವ್ಯಾರ್ರೀ?"

ಕಾಲಿನ ಚಪ್ಪಲಿ ಇನ್ನೂ ಕಳಚಿರಲಿಲ್ಲ, ಮಾತು ಆಗಲೇ ಒಳಗೆ ಬಂದಾಗಿತ್ತು. ಟವೆಲ್ಲು, ಟೋಪಿ, ಸೀಟಿ ತುಂಬಿದ ಚೀಲವನ್ನು ಅವಳು ಊಟದ ಮೇಜಿನ ಮೇಲೆ ಎಸೆದಳು. ಲೋಟ ಉರುಳಿ ನೀರು ಚೆಲ್ಲಿತು. ಗಂಡ ಓದುತ್ತಿದ್ದ ಪೇಪರನ್ನು ನೀಟಾಗಿ ಮಡಚಿಟ್ಟ. ಅವಳ ಮುಖ ನೋಡಿದ, ಕೈ ನಡುಗುತ್ತಿದೆಯೇ ಎಂದು ನೋಡಿದ, ಗಡಿಯಾರ ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ಫ್ರಿಜ್ಜಲ್ಲಿ ಜ್ಯೂಸ್ ಇದೆ, ಬೇಗ ತಗೊಂಡ್ಬಾ. ಇವಳಿಗೆ ಶುಗರ್ ಇಳಿದಿದೆ," ಎಂದ.

"ಶುಗರ್ ಇಳಿದಿಲ್ಲ. ಸಿಟ್ಟು ಬಂದಿದೆ."

"ಇಳಿದಾಗ ಹಾಗೇ ಅನ್ಸೋದು. ಮೊದಲು ಕೂತ್ಕೋ."

ಅವಳು ಕೂರಲಿಲ್ಲ. ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. ಇವತ್ತು ಎಂದಿನಂತೆ ಈಜುಕೊಳಕ್ಕೆ ಹೋದರೆ, ಅವಳು ಕಲಿಸುತ್ತಿದ್ದ ಮಕ್ಕಳಿಗೆ ಯಾರೋ ಹೊಸಬ ನೀರಲ್ಲಿ ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದ. ಮ್ಯಾನೇಜರ್ ಮುಖ ಕೊಟ್ಟು ಮಾತಾಡಲಾರದೆ, "ನಿಮ್ಮ ಯಜಮಾನ್ರೇ ಫೋನ್ ಮಾಡಿದ್ರಲ್ಲ ಮೇಡಂ, ಆರೋಗ್ಯ ಸರಿಯಿಲ್ಲ, ಇನ್ಮೇಲೆ ಬರಲ್ಲ ಅಂತ," ಅಂದಿದ್ದ. ಅವಳಿಗೇ ಗೊತ್ತಿಲ್ಲದ ಅವಳ ರಾಜೀನಾಮೆಗೆ ಒಪ್ಪಿಗೆಯೂ ಸಿಕ್ಕಿಬಿಟ್ಟಿತ್ತು.

"ಹೋದ ತಿಂಗಳು ಶುಗರ್ ಇಳಿದು ಕೊಳದ ಪಕ್ಕ ಕುಸಿದು ಕೂತಿದ್ದೆ ತಾನೇ?" ಎಂದ ಗಂಡ. ಅವನ ದನಿ ಏರಲಿಲ್ಲ. ಅವನ ದನಿ ಎಂದೂ ಏರುವುದಿಲ್ಲ. "ನೀರೊಳಗೆ ಹಾಗಾಗಿದ್ರೆ?"

"ಆಗ್ಲಿಲ್ವಲ್ಲ. ಕೈ ನಡುಗಿದ ತಕ್ಷಣ ಮಕ್ಕಳನ್ನ ಜೊತೆಯವಳಿಗೆ ಒಪ್ಪಿಸಿ ಮೇಲೆ ಬಂದೆ, ಗ್ಲೂಕೋಸ್ ತಿಂದೆ. ಈಜೋ ದಿನ ಇನ್ಸುಲಿನ್ ಎಷ್ಟು ಕಮ್ಮಿ ಮಾಡ್ಬೇಕು, ಏನು ತಿಂದು ನೀರಿಗಿಳೀಬೇಕು, ಎಲ್ಲ ನನಗೆ ಗೊತ್ತು. ಈ ಕಾಯಿಲೆ ಜೊತೆಗೇ ಬೆಳೆದವಳು ನಾನು. ಭಯ ಆಗಿದ್ರೆ ನನ್ನನ್ನ ಕೇಳ್ಬೇಕಿತ್ತು. ನನ್ನ ಅನ್ನಕ್ಕೆ ಮಣ್ಣು ಹಾಕಿ, ಇಲ್ಲಿ ಕೂತು ಪೇಪರ್ ಓದ್ತಿದೀರಲ್ಲ?"

"ಯಾವ ಅನ್ನಕ್ಕೆ ಏನು ಕಮ್ಮಿ ಆಗಿದೆ ಈಗ? ವ್ಯಾಯಾಮ ಬೇಕು ಅಂದ್ರೆ ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬಾ. ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ. ಯಾರಿಗುಂಟು ಯಾರಿಗಿಲ್ಲ! ನೋಡು, ಹೇಗೆ ಕಿರುಚ್ತಿದೀಯ," ಎಂದ ಗಂಡ, ಕರುಣೆಯಿಂದ.

ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಮದುವೆಯಾದ ಹೊಸದರಲ್ಲಿ ಅವಳ ಕಾಯಿಲೆಯನ್ನು ಪರೀಕ್ಷೆಗೆ ಕೂರುವವನಂತೆ ಓದಿದ್ದ. ನೆಂಟರಿಷ್ಟರು ಮೆಚ್ಚಿದ್ದರು, ಅವಳೂ ಕರಗಿದ್ದಳು. ಓದಿದ್ದು ತಲೆಗೇರಿದ ಮೇಲೆ ಆ ಮನೆಯಲ್ಲಿ ಅವಳಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೇ ಹೋಯಿತು. ಅವಳನ್ನು ಕೇಳದೆ ಹತ್ತು ಜನರನ್ನು ಊಟಕ್ಕೆ ಕರೆದದ್ದಕ್ಕೆ ರೇಗಿದರೆ ಶುಗರ್ ಏರಿದೆ. ನಾಲ್ಕು ಜನರೆದುರು ಹೀಯಾಳಿಸಿದ್ದಕ್ಕೆ ಅತ್ತರೆ ಶುಗರ್ ಇಳಿದಿದೆ. ಎರಡೂ ಸರಿಯಿದ್ದರೆ ಹಾರ್ಮೋನು ಇದ್ದೇ ಇದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಹಾರ್ಮೋನು ಏರುಪೇರಾಗಿ ಶುಗರ್ ಜಿಗಿಯುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ದಿನಗಳಿಗೆ ಗುರುತು ಹಾಕತೊಡಗಿದವನೂ ಅವನೇ. ನ್ಯಾಯ ಕೇಳಲು ಬಾಯಿ ತೆರೆದಾಗಲೆಲ್ಲ ಬಾಯಿಗೆ ಜ್ಯೂಸ್ ಬೀಳುತ್ತಿತ್ತು.

ಅತ್ತೆ ಲೋಟ ಹಿಡಿದು ಬಂದು ಇಬ್ಬರ ನಡುವೆ ನಿಂತರು. ಗಂಡ ಶುಗರ್ ನೋಡುವ ಮೆಷಿನ್ನನ್ನು ಮೇಜಿನ ಮೇಲಿಟ್ಟ. "ಚೆಕ್ ಮಾಡ್ಕೋ. ಆಮೇಲೆ ಮಾತಾಡೋಣ."

"ಸರಿ ಇದ್ರೆ ಉತ್ತರ ಕೊಡ್ತೀರಾ?"

"ಖಂಡಿತ."

ಅವಳು ಕೈ ತೊಳೆದು ಬಂದು ಬೆರಳಿಗೆ ಚುಚ್ಚಿಕೊಂಡಳು. ಮೂವರೂ ಆ ಪುಟ್ಟ ಪರದೆಯ ಮೇಲೆ ಬಗ್ಗಿದರು. ನೂರಾ ಹನ್ನೆರಡು. ಇಷ್ಟು ಒಳ್ಳೆಯ ಅಂಕಿ ಆ ವಾರದಲ್ಲೇ ಬಂದಿರಲಿಲ್ಲ. ಗಂಡನ ಕಣ್ಣು ಕ್ಯಾಲೆಂಡರಿನ ಕಡೆ ಹೋಯಿತು.

"ಅದೂ ಮೊನ್ನೆ ಮುಗೀತು," ಅಂದಳು. "ಈಗ ಹೇಳಿ. ಯಾರನ್ನ ಕೇಳಿ ಫೋನ್ ಮಾಡಿದ್ರಿ?"

ಅವನು ಮೆಷಿನ್ನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ. "ಬ್ಯಾಟರಿ ವೀಕಾಗಿರ್ಬೇಕು. ಎಲ್ಲಿ, ಇನ್ನೊಂದು ಕೈದು ನೋಡು."

"ನಮ್ಮ ಕಾಲದಲ್ಲಿ ಈ ಮೆಷಿನ್ ಎಲ್ಲಿತ್ತು?" ಅಂದರು ಅತ್ತೆ. ಯಾರಿಗೆ ಹೇಳುತ್ತಿದ್ದರೋ, ಕಣ್ಣು ಲೋಟದ ಮೇಲಿತ್ತು. "ನಾನು ಬಾಯಿ ಬಿಟ್ರೆ ಸಾಕು, ಪಿತ್ತ ನೆತ್ತಿಗೇರಿದೆ ಅನ್ನೋರು ನಿಮ್ಮಪ್ಪ. ಸಾಯೋವರೆಗೂ ಅಂದ್ರು. ನಾನೂ ಪಿತ್ತ ಅಂತಾನೇ ನಂಬಿದ್ದೆ." ಹಾಗೆಂದು ಸೊಸೆಗೆಂದು ತಂದ ಜ್ಯೂಸನ್ನು ತಾವೇ ಒಂದು ಗುಟುಕು ಕುಡಿದರು.

ಅವಳು ಹಳೆಯ ಸೂಜಿ ತೆಗೆದು ಹೊಸದು ಹಾಕಿದಳು. ಆದರೆ ತನ್ನ ಇನ್ನೊಂದು ಕೈ ಚಾಚಲಿಲ್ಲ. ಗಂಡನ ಕೈ ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಏಯ್, ನನಗ್ಯಾಕೆ? ನನಗೇನಾಗಿದೆ?"

"ಅದನ್ನೇ ನೋಡೋಣ ಅಂತ ರೀ." ಈಗ ಅವಳ ದನಿಯೂ ಏರಲಿಲ್ಲ. "ಕಟ್ಕೊಂಡವಳ ಕತ್ತನ್ನ ಇಷ್ಟು ತಣ್ಣಗೆ ಕೊಯ್ಬೇಕಾದ್ರೆ, ರಕ್ತದಲ್ಲಿ ಎಷ್ಟು ಸಕ್ಕರೆ ಇರ್ಬೇಕು?"