ಪೆನ್ಸಿಲ್ಲಿಗೆ ಸಿಗದ ನಂಬರು

ವಿಮಾ ಕಂಪನಿಯ ಸರ್ವೇಯರ್ ಕಾರಿನ ಚಾಸಿಯಲ್ಲಿ ನಂಬರ್ ಕೊರೆದಿರಬೇಕಾದ ಜಾಗಕ್ಕೆ ತೆಳು ಕಾಗದ ಒತ್ತಿ ಹಿಡಿದು, ಮೂರನೇ ಸಲ ಪೆನ್ಸಿಲ್ ಉಜ್ಜಿದರು. ಕಾಗದ ಕಪ್ಪಾಯಿತೇ ಹೊರತು ಒಂದು ಅಂಕಿಯೂ ಮೂಡಲಿಲ್ಲ. ಕಾರಿನ ಒಡೆಯ, ಗಾಡಿಗಳ ತಗಡು ತಟ್ಟಿ ಸರಿಮಾಡುವ ಟಿಂಕರ್, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ. ಮೊನ್ನೆ ಶೆಡ್ಡಿನ ಗೋಡೆ ಕುಸಿದು, ಅಪ್ಪ ಬಿಟ್ಟುಹೋದ ಅರವತ್ತು ವರ್ಷದ ಆ ಕಾರಿನ ಟಾಪು ಸೀಟಿಗೆ ಅಂಟಿಕೊಂಡಿತ್ತು. ಇನ್ನು ಅದನ್ನು ಎಬ್ಬಿಸಿ ನಿಲ್ಲಿಸುವುದಿದ್ದರೆ ವಿಮೆಯ ದುಡ್ಡಿನಿಂದಲೇ.

“ಪಾಲಿಸಿಯಲ್ಲಿರೋ ನಂಬರ್ ಇಲ್ಲಿ ಸಿಗದಿದ್ರೆ, ಇದು ಅದೇ ಕಾರು ಅಂತ ಹೇಗೆ ನಂಬೋದು?” ಎಂದರು ಸರ್ವೇಯರ್.

“ಅಯ್ಯೋ, ಅದೇ ಕಾರು ಸಾರ್!” ಟಿಂಕರ್ ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಳು. “ಹೆತ್ತ ಮಗೂನೂ ಯಾರೂ ಹೀಗೆ ನೋಡ್ಕೊಳ್ಳಲ್ಲ. ತುಕ್ಕಿನ ಒಂದು ಚುಕ್ಕೇನೂ ಇರಬಾರ್ದು ಅಂತ ಆರು ತಿಂಗಳು ಅಡೀಲಿ ಮಲ್ಕೊಂಡು ಉಪ್ಪುಕಾಗದ ಹಿಡ್ದು ಉಜ್ಜಿದ್ದೇ ಉಜ್ಜಿದ್ದು. ಕೈಯಿಟ್ಟು ನೋಡಿ, ಕನ್ನಡಿ ಇದ್ದ ಹಾಗಿದೆ!”

ಟಿಂಕರ್ ಹೆಬ್ಬೆರಳಿನಿಂದ ಆ ಜಾಗ ಸವರಿದ. ನುಣ್ಣಗಿತ್ತು. ತುಕ್ಕಿನ ಜೊತೆ ನಂಬರನ್ನೂ ತಾನೇ ಉಜ್ಜಿ ತೆಗೆದಿದ್ದ. ನಂಬರ್ ಅಳಿಸಿದವರಿಗೆ ವಿಮೆಯವರು ಬಿಡಿಗಾಸೂ ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸುಮ್ನಿರೇ ಎಂದು ಹೆಂಡತಿಗೆ ಕಣ್ಸನ್ನೆ ಮಾಡಿದ; ಅವಳು ಕಾರನ್ನೇ ನೋಡುತ್ತಿದ್ದಳು.

ಸರ್ವೇಯರ್ ಪೆನ್ಸಿಲ್ಲನ್ನು ಜೇಬಿಗೆ ಸೇರಿಸಿ ಪೆನ್ನು ತೆಗೆದರು. “ಅಮ್ಮಾ, ಉಜ್ಜಿದ್ದು ಇವರೇ ಅಂತ ಇಲ್ಲಿ ಬರೆದು ಸಹಿ ಮಾಡ್ತೀರಾ?”

“ಅದಕ್ಕೇನು, ಕೊಡಿ.” ಕೈ ಒರೆಸಿಕೊಂಡು, ಗಂಡನ ಕಡೆ ನೋಡಿ ಒಮ್ಮೆ ನಕ್ಕು, ಅವಳು ದುಂಡು ದುಂಡಾದ ಅಕ್ಷರಗಳಲ್ಲಿ ಬರೆಯತೊಡಗಿದಳು.