ಬೆರಳಿನ ಗಂಟು

ಉಂಗುರ ಬೆರಳಿನ ಗಂಟು ದಾಟುತ್ತಿರಲಿಲ್ಲ. ಬಚ್ಚಲಲ್ಲಿ ನಿಂತ ನರ್ಸ್ ಹುಡುಗಿ ತನ್ನ ಬೆರಳಿನಿಂದ ಅದನ್ನು ತಿರುಗಿಸಿ ತಿರುಗಿಸಿ ಎಳೆದಿದ್ದಕ್ಕೆ ಚರ್ಮ ಕೆಂಪಗೆ ಸುಲಿದಿತ್ತು. ಅದನ್ನು ತೊಡಿಸಿದವನು, ಮೂರಂತಸ್ತಿನ ಬಟ್ಟೆ ಅಂಗಡಿಯ ಒಡೆಯ, ಆಚೆ ಕೋಣೆಯಲ್ಲಿ ಉತ್ತರಕ್ಕಾಗಿ ಕಾಯುತ್ತ ಕುಳಿತಿದ್ದ. ಅವನು ಕೇಳಿದ್ದು ಒಂದೇ ಮಾತು: "ಮದುವೆ ಆದ್ಮೇಲೆ ಈ ಚರ್ಚು, ಪ್ರಾರ್ಥನೆ ಎಲ್ಲಾ ಬಿಟ್ಟುಬಿಡು. ನನ್ನ ಸ್ನೇಹಿತರ ಮುಂದೆ ನಗೆಪಾಟಲಾಗುತ್ತೆ. ನಿಂಗೇನು ಬೇಕೋ ಎಲ್ಲಾ ತಂದು ಸುರೀತೀನಿ."

ಸುರಿಯುವವನೇ ಅವನು. ಅವಳಿಗೂ ಅವನೆಂದರೆ ಪ್ರಾಣ.

ಅಮ್ಮ ಒಳಬಂದು ಬಾಗಿಲು ಮುಚ್ಚಿ ಪಿಸುಗುಟ್ಟಿದಳು. "ಹೂಂ ಅಂದ್ಬಿಡೇ. ಯೇಸುವನ್ನ ಮನಸ್ಸಲ್ಲೇ ನೆನೆಸ್ಕೋ, ಯಾರಿಗೆ ಗೊತ್ತಾಗುತ್ತೆ? ಇಪ್ಪತ್ತು ವರ್ಷ ಆಸ್ಪತ್ರೆ ಬಟ್ಟೆ ಒಗೆದು ಸಾಕಾಗಿದೆ ನಂಗೆ."

"ಅಪ್ಪ ಹೋದ ದಿನ ನನ್ನ ಪಕ್ಕದಲ್ಲಿ ಮಂಡಿಯೂರಿ, 'ಯೇಸು ಒಬ್ಬ ನಮ್ಮ ಕೈ ಬಿಡಲ್ಲ ಮಗಳೇ' ಅಂದಿದ್ದು ನೀನೇ ಅಲ್ವೇನಮ್ಮಾ? ಈಗ ನಾನು ಹೇಗೆ ಅವನ ಕೈ ಬಿಡ್ಲಿ?"

ಅಮ್ಮನ ಮುಖ ಬಿಳಿಚಿಕೊಂಡಿತು. ಅವಳು ಗೂಡಿನಲ್ಲಿದ್ದ ಸೋಪು ತೆಗೆದುಕೊಂಡು, ಮಗಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ನೊರೆ ಬರುವಂತೆ ಬೆರಳನ್ನು ಉಜ್ಜತೊಡಗಿದಳು. ಗಲ್ಲಕ್ಕಿಳಿದ ಕಣ್ಣೀರನ್ನು ಒರೆಸಿಕೊಳ್ಳಲೂ ಕೈ ಬಿಡಲಿಲ್ಲ.

ಉಂಗುರ ಜಾರಿ ಅಮ್ಮನ ಅಂಗೈಗೆ ಬಂತು. ಇನ್ನೊಂದು ಗಳಿಗೆಯಾದರೂ ಅದು ಸಿಕ್ಕಿಕೊಂಡೇ ಇರಬಾರದಿತ್ತೇ ಎಂದು ಹುಡುಗಿಗೆ ಅನಿಸಿತು. ಆದರೂ ಒದ್ದೆ ಕೈಯಲ್ಲೇ ಅದನ್ನು ತೆಗೆದುಕೊಂಡು ಬಾಗಿಲು ತೆರೆದಳು.